‘ಸಪೋರ್ಟ್ ಮಾಡುತ್ತೆ’ ಅನ್ನುವುದಕ್ಕೆ ಒಂದೇ ಪದ ಸಾಕೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಪುಟ್ಟ ಕಂಪ್ಯೂಟರನ್ನು ಕಮ್ಮಿ ಖರ್ಚಿನಲ್ಲಿ ಚುರುಕು ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಕೆಲವು ವರ್ಷ ದುಡಿದು ಸೆಕೆಂಡ್ ಹ್ಯಾಂಡಿಗೆ ಬರುವ ಚಪ್ಪಟೆ ಡಬ್ಬಗಳಿವೆಯಲ್ಲ, ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಥರದವು, ಅವುಗಳ ಬಗ್ಗೆ. ಬರವಣಿಗೆ ಒಂದು ಪದದ ಹತ್ತಿರ ಸಿಕ್ಕಿಕೊಂಡಿದೆ. ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ಆ ಪದ ‘ಸಪೋರ್ಟ್’. ಮಾತಿನಲ್ಲಿ ಎಲ್ಲದಕ್ಕೂ ಇದೇ ಬರುತ್ತದೆ. ಈ ರ‍್ಯಾಮ್ ಸಪೋರ್ಟ್ ಮಾಡುತ್ತಾ? ಈ ಕಾರ್ಡ್ ಸಪೋರ್ಟ್ ಮಾಡುತ್ತಾ? ಬರಹಕ್ಕೆ ಬಂದಾಗ ಅದೇ ‘ಬೆಂಬಲಿಸುತ್ತದೆ’ ಆಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಬೆಂಬಲ ಕೊಡುವುದು ಮನುಷ್ಯರು. ಅದು ಹಾಗಿರಲಿ, ‘ಬೋರ್ಡ್ ಈ ರ‍್ಯಾಮನ್ನು ಬೆಂಬಲಿಸುವುದಿಲ್ಲ’ ಅಂದರೆ ಓದಿದವರಿಗೆ ಏನು ಗೊತ್ತಾಗುತ್ತದೆ? ಮದರ್‌ಬೋರ್ಡಿನ ಸ್ಲಾಟಿನೊಳಗೆ, ಅಂದರೆ ಅದನ್ನು ಸಿಕ್ಕಿಸುವ ಸಂದಿಯೊಳಗೆ, ಹೋಗುವುದೇ ಇಲ್ಲವೋ, ಹೋದರೂ ಕಂಪ್ಯೂಟರ್ ಶುರುವಾಗುವುದಿಲ್ಲವೋ? ದುಡ್ಡು ಎಣಿಸಿ ಖರ್ಚು ಮಾಡುವವರಿಗೆ ಕೊಳ್ಳುವ ಮೊದಲು ತಿಳಿಯಬೇಕಾದದ್ದು ಇದೇ ಅಲ್ವಾ?

ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ಕ್ರಿಯಾಪದಗಳು ಆಗಲೇ ಇವೆ ಅನ್ನಿಸುತ್ತದೆ. ಕೂರು, ಹೊಂದು, ಸಾಲು. ಸಾಮಾನು ಜಾಗದಲ್ಲಿ ಕೂರುತ್ತದಾ? ಕೂತ ಮೇಲೆ ಬೋರ್ಡಿಗೆ ಹೊಂದುತ್ತದಾ? ಹೊಂದಿದರೂ ಕರೆಂಟು ಸಾಲುತ್ತದಾ?

ರ‍್ಯಾಮಿನಿಂದಲೇ ನೋಡೋಣ. ಹಳೆಯ ಡಿಡಿಆರ್3 ಮತ್ತು ಅದರ ನಂತರ ಬಂದ ಡಿಡಿಆರ್4 ರ‍್ಯಾಮ್ ಪಟ್ಟಿಗಳು ಉದ್ದದಲ್ಲಿ ಒಂದೇ. ಆದರೆ ಕೆಳಗಿನ ಹಳದಿ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಅದು ಎರಡರಲ್ಲೂ ಬೇರೆ ಬೇರೆ ಕಡೆ. ಪಿನ್‌ಗಳೂ ಒಂದರಲ್ಲಿ 240, ಇನ್ನೊಂದರಲ್ಲಿ 288. ಹಾಗಾಗಿ ಡಿಡಿಆರ್4 ಪಟ್ಟಿ ಡಿಡಿಆರ್3 ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಇಲ್ಲಿ ‘ಕೂರು’ ಸಾಕು.

ಈಗ ಸರ್ವರ್ ರ‍್ಯಾಮ್ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡಿನಲ್ಲಿ ಡಿಡಿಆರ್3 ಸರ್ವರ್ ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ. ಅದಕ್ಕೂ 240 ಪಿನ್ನೇ. ಕಚ್ಚೂ ಅದೇ ಜಾಗದಲ್ಲಿ. ಸ್ಲಾಟಿನಲ್ಲಿಟ್ಟು ಒತ್ತಿದರೆ ಬದಿಯ ಕ್ಲಿಪ್ ಟಕ್ ಅಂತ ಹಿಡಿದುಕೊಳ್ಳುತ್ತದೆ. ಆದರೆ ಸ್ವಿಚ್ ಒತ್ತಿದರೆ ಪರದೆ ಬೆಳಗುವುದಿಲ್ಲ. ‘ರಿಜಿಸ್ಟರ್ಡ್’ ಅನ್ನುವ ಬಗೆಯ ಆ ಪಟ್ಟಿಯಲ್ಲಿ ನಡುವೆ ಒಂದು ಚಿಪ್ ಹೆಚ್ಚಿಗೆ ಇರುತ್ತದೆ. ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್ ಅದರ ಜೊತೆ ಕೆಲಸ ಮಾಡಲಾರದು. ಕೂತಿತು, ಹೊಂದಲಿಲ್ಲ. ‘ಬೆಂಬಲ’ ಅನ್ನುವ ಪದ ಈ ಎರಡು ಕಥೆಯನ್ನೂ ಒಂದು ಮಾಡಿಬಿಡುತ್ತದೆ.

ಪ್ರೊಸೆಸರಿನಲ್ಲೂ ಇದೇ ಆಗುತ್ತದೆ. 2015ರಲ್ಲಿ ಬಂದ ಇಂಟೆಲ್‌ನ 6ನೇ ತಲೆಮಾರಿಗೂ 2017ರ 8ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪಿಗೂ ಸಾಕೆಟ್ಟಿನ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗದ) ಹೆಸರು ಎಲ್‌ಜಿಎ 1151. ಆದರೆ 6ನೇ ತಲೆಮಾರಿನ ಆಫೀಸ್ ಡಬ್ಬಕ್ಕೆ 8ನೇ ತಲೆಮಾರಿನ ಚಿಪ್ ತಂದರೆ ಅದು ಕೂರುತ್ತದೆ ಅಷ್ಟೇ, ಕಂಪ್ಯೂಟರ್ ಶುರುವಾಗುವುದಿಲ್ಲ.

‘ಹೊಂದು’ ಬಗ್ಗೆ ನನಗೆ ಒಂದು ಅಳುಕಿದೆ. ಈಚಿನ ಬರಹದಲ್ಲಿ ಆ ಪದವನ್ನು ‘ಇದೆ’ ಅನ್ನುವ ಅರ್ಥಕ್ಕೆ ಬಳಸಿ ಬಳಸಿ ಸವೆಸಿಬಿಟ್ಟಿದ್ದೇವೆ. ‘ಈ ಕಂಪ್ಯೂಟರ್ 8 ಜಿಬಿ ರ‍್ಯಾಮ್ ಹೊಂದಿದೆ’ ಅಂತ ಬರೆಯುತ್ತೇವೆ. 8 ಜಿಬಿ ರ‍್ಯಾಮ್ ಇದೆ ಅಂದರೆ ಮುಗಿಯಿತಲ್ಲ! ಅದೇ ಪುಟದಲ್ಲಿ ‘ಈ ಬೋರ್ಡಿಗೆ ಆ ರ‍್ಯಾಮ್ ಹೊಂದುತ್ತದೆ’ ಅಂತಲೂ ಬಂದರೆ ಗೊಂದಲ. ನನ್ನ ಕೈಪಿಡಿಯಲ್ಲಿ ‘ಹೊಂದಿದೆ’ ಅನ್ನುವುದನ್ನು ಪೂರ್ತಿ ಬಿಟ್ಟಿದ್ದೇನೆ. ಎಲ್ಲ ಕಡೆ ‘ಇದೆ’.

‘ಒಗ್ಗು’ ಅನ್ನುವ ಪದವೂ ಇದೆ. ಆ ಊಟ ಒಗ್ಗಲಿಲ್ಲ, ಆ ಹವೆ ಒಗ್ಗಲಿಲ್ಲ ಅನ್ನುತ್ತೇವೆ. ಕಿವಿಗೆ ಚೆನ್ನಾಗಿದೆ. ‘ಸರ್ವರ್ ರ‍್ಯಾಮ್ ಈ ಬೋರ್ಡಿಗೆ ಒಗ್ಗುವುದಿಲ್ಲ’ ಅಂದರೆ ಅರ್ಥ ತಕ್ಷಣ ಹತ್ತುತ್ತದೆ. ಆದರೆ ಅದರಲ್ಲಿ ನಿಧಾನಕ್ಕೆ ಒಗ್ಗಿಕೊಳ್ಳುವ ಭಾವವೂ ಇದೆ. ಹೊಂದದ ರ‍್ಯಾಮ್ ಎಷ್ಟು ದಿನ ಇಟ್ಟರೂ ಒಗ್ಗಿಕೊಳ್ಳುವುದಿಲ್ಲ. ಇವೆರಡರಲ್ಲಿ ನೀವಾದರೆ ಯಾವುದನ್ನು ಆರಿಸುತ್ತೀರಿ?

ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಬಂದರೆ ‘ಸಾಲು’ ಬೇಕೇ ಬೇಕು. ಬೋರ್ಡಿನಲ್ಲಿ ಅದನ್ನು ಸಿಕ್ಕಿಸುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಕೇಳುವ ಕಾರ್ಡಿಗೆ ಪವರ್ ಸಪ್ಲೈಯಿಂದ ನೇರವಾಗಿ ಬೇರೆ ವೈರು ಬರಬೇಕು. ಆಫೀಸ್ ಡಬ್ಬಗಳಲ್ಲಿ ಸಾಮಾನ್ಯವಾಗಿ ಆ ವೈರೇ ಇರುವುದಿಲ್ಲ. ಆಪ್ಟಿಪ್ಲೆಕ್ಸ್ 7010ರ ಚಪ್ಪಟೆ ಮಾದರಿಯಲ್ಲಿ ಪವರ್ ಸಪ್ಲೈ ಒಟ್ಟು 240 ವ್ಯಾಟಿನದು. ದೊಡ್ಡದು ಹಾಕೋಣ ಅಂದರೆ ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಆ ಡಬ್ಬದಲ್ಲಿ ಕೂರುವುದಿಲ್ಲ. ಹಾಗಾಗಿ 30 ವ್ಯಾಟಿನ ಜಿಟಿ 1030 ಕಾರ್ಡಿಗೆ ಇರುವ ಪವರ್ ಸಪ್ಲೈ ಆರಾಮಾಗಿ ಸಾಲುತ್ತದೆ. 75 ವ್ಯಾಟಿನ ಜಿಟಿಎಕ್ಸ್ 1650 ಆದರೆ ಪ್ರೊಸೆಸರ್, ಡಿಸ್ಕ್ ಎಲ್ಲ ಸೇರಿಸಿ ಲೆಕ್ಕ ಹಾಕಿಯೇ ಕೊಳ್ಳಬೇಕು. ‘ಲೋಡ್ ತಡೆಯುತ್ತಾ?’ ಅಂತಲೂ ಜನ ಕೇಳುತ್ತಾರೆ. ಚೆಂದದ ಮಾತು. ಆದರೆ ಬರಹದಲ್ಲಿ ‘ತಡೆಯುತ್ತದೆ’ ಅಂದರೆ ಅಡ್ಡ ಬರುತ್ತದೆ ಅಂತಲೂ ಓದಬಹುದು. ಅದಕ್ಕೇ ‘ಸಾಲು’ ಮೇಲು ಅನ್ನಿಸಿತು.

ಇದೇ ಕಾರ್ಡುಗಳ ‘ಲೋ ಪ್ರೊಫೈಲ್’ಗೆ ‘ಗಿಡ್ಡ ಕಾರ್ಡ್’ ಅಂತ ಬರೆದಿದ್ದೇನೆ. ಕಾರ್ಡಿನ ತುದಿಯ ಲೋಹದ ಪಟ್ಟಿ ಮಾಮೂಲಿಯಲ್ಲಿ ಸುಮಾರು 12 ಸೆಂಟಿಮೀಟರ್, ಗಿಡ್ಡದರಲ್ಲಿ ಸುಮಾರು 8. ‘ಚಿಕ್ಕ ಕಾರ್ಡ್’ ಅಂದರೆ ಸಾಲದು. ಉದ್ದ ಕಮ್ಮಿಯಿದ್ದು ಎತ್ತರ ಪೂರ್ತಿ ಇರುವ ಕಾರ್ಡುಗಳೂ ಸಿಗುತ್ತವೆ. ಅವು ನೋಡಲು ಚಿಕ್ಕವೇ, ಆದರೆ ಮುಚ್ಚಳ ಹಾಕಲು ಬಿಡುವುದಿಲ್ಲ. ಅವನ್ನು ‘ಮೋಟು ಕಾರ್ಡ್’ ಅನ್ನಬಹುದು. ಎತ್ತರ ಕಮ್ಮಿಯಾದರೆ ಗಿಡ್ಡ, ಉದ್ದ ಕಮ್ಮಿಯಾದರೆ ಮೋಟು. ಈ ಎರಡು ಪದ ಬೇರೆ ಬೇರೆ ಇರುವುದು ನಮಗೆ ದೊಡ್ಡ ಅನುಕೂಲ. ‘ಗಿಡ್ಡ’ ಅನ್ನುವುದು ಬೈಗುಳದ ಹಾಗೆ ಕೇಳುತ್ತದೆ ಅಂತ ಒಬ್ಬರು ಆಕ್ಷೇಪಿಸಿದರು. ಗಿಡ್ಡ ಮರ, ಗಿಡ್ಡ ಗೋಡೆ ಅನ್ನುವುದಿಲ್ಲವೇ? ವಸ್ತುವಿಗೆ ಬಳಸಿದರೆ ನನಗೆ ಹಾಗೆ ಕೇಳುವುದಿಲ್ಲ.

ಎಸ್‌ಎಸ್‌ಡಿ (ಚಿಪ್ಪುಗಳಲ್ಲೇ ಫೈಲು ಇಡುವ ಡಿಸ್ಕ್) ವಿಷಯ ಸಲೀಸು. ಕಡಿಮೆ ದುಡ್ಡಿನಲ್ಲಿ ಹಳೆಯ ಡಬ್ಬಕ್ಕೆ ಮೊದಲು ಮಾಡಿಸಬೇಕಾದ ಕೆಲಸವೂ ಅದೇ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಅದೇ ವೈರಿಗೆ ಸಿಕ್ಕುವ ಸಾಟಾ ಎಸ್‌ಎಸ್‌ಡಿ ಹಾಕಿದರೆ ಸಾಕು, ಬೇರೆ ಕಂಪ್ಯೂಟರ್ ಅನ್ನಿಸುತ್ತದೆ. 3.5 ಇಂಚಿನ ಜಾಗದಲ್ಲಿ 2.5 ಇಂಚಿನದು ಭದ್ರವಾಗಿ ಕೂರದಿದ್ದರೂ ತೊಂದರೆಯಿಲ್ಲ. ಅದರೊಳಗೆ ತಿರುಗುವ ಭಾಗವೇ ಇಲ್ಲ. ಟೇಪ್ ಹಾಕಿ ಅಂಟಿಸಿದರೂ ನಡೆಯುತ್ತದೆ. ಇಲ್ಲಿ ಒಂದು ಪದದ ಎಚ್ಚರ ಮಾತ್ರ: ‘ಮೆಮೊರಿ’ ಅಂತ ಬರೆಯಬೇಡಿ. ಫೋನ್ ಬಳಸುವವರಿಗೆ ಮೆಮೊರಿ ಫುಲ್ ಅಂದರೆ ಫೋಟೋ ಇಡಲು ಜಾಗವಿಲ್ಲ ಅಂತ. ರ‍್ಯಾಮ್ ಅನ್ನಿ, ಡಿಸ್ಕ್ ಅನ್ನಿ.

ನನ್ನ ಕ್ರಿಯಾಪದಗಳು ಕೈಕೊಡುವುದು ಇನ್ನೂ ವೇಗದ, ಹೊಸ ಬಗೆಯ ಎಸ್‌ಎಸ್‌ಡಿಯಾದ ಎನ್‌ವಿಎಂಇ ಡಿಸ್ಕಿನಲ್ಲಿ. ಹಳೆಯ ಡಬ್ಬದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಅಡಾಪ್ಟರ್ ಹಾಕಿ ಅದನ್ನು ಕೂರಿಸಬಹುದು. ಕಂಪ್ಯೂಟರ್ ಶುರುವಾದ ಮೇಲೆ ಡಿಸ್ಕ್ ಕಾಣುತ್ತದೆ, ಫೈಲು ಇಡಬಹುದು. ಆದರೆ ಸ್ವಿಚ್ ಒತ್ತಿದ ಕೂಡಲೇ ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮಾದ ಹಳೆಯ ಬಯೋಸ್‌ಗೆ ಎನ್‌ವಿಎಂಇ ಗೊತ್ತಿಲ್ಲದಿದ್ದರೆ ಅದರಿಂದ ಬೂಟ್ ಆಗುವುದಿಲ್ಲ, ಅಂದರೆ ಆ ಡಿಸ್ಕಿನಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ಕೂತಿದೆ, ಕರೆಂಟೂ ಸಾಲುತ್ತದೆ, ಅರ್ಧ ಹೊಂದಿದೆ. ಇದಕ್ಕೆ ‘ಬಯೋಸ್ ಕಣ್ಣಿಗೆ ಬೀಳುವುದಿಲ್ಲ’ ಅಂತ ಬರೆದಿದ್ದೇನೆ. ತೃಪ್ತಿಯಿಲ್ಲ.

ಒಂದು ಕಡೆ ಮಾತ್ರ ‘ಬೆಂಬಲ’ ಉಳಿಸಿಕೊಂಡಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಿಲ್ಲದ ಡಬ್ಬಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳುವುದೇ ಒಳ್ಳೆಯದು. ಈ ಬೆಂಬಲದ ಹಿಂದೆ ದೋಷ ತಿದ್ದುವ ಮನುಷ್ಯರಿದ್ದಾರೆ, ಹಾಗಾಗಿ ಇಲ್ಲಿ ಆ ಪದ ಸರಿಯಾಗಿಯೇ ಇದೆ.

ಕೈಪಿಡಿಯ ಒಂದು ವಾಕ್ಯ ಹೀಗಿದೆ: ‘ಈ ಗಿಡ್ಡ ಕಾರ್ಡ್ ಡಬ್ಬದಲ್ಲಿ ಕೂರುತ್ತದೆ, ಬೋರ್ಡಿಗೂ ಹೊಂದುತ್ತದೆ, ಆದರೆ ಪವರ್ ಸಪ್ಲೈ ಸಾಲುವುದಿಲ್ಲ.’ ಕಂಪ್ಯೂಟರ್ ಬಿಚ್ಚಿಯೇ ಗೊತ್ತಿಲ್ಲದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದಾ? ರಿಪೇರಿ ಕೆಲಸ ಮಾಡುವವರು ನಿಮ್ಮಲ್ಲಿದ್ದರೆ, ಬೂಟ್ ಆಗದ ಆ ಡಿಸ್ಕಿನ ಬಗ್ಗೆ ನೀವು ಗಿರಾಕಿಗೆ ಹೇಗೆ ಹೇಳುತ್ತೀರಿ, ದಯವಿಟ್ಟು ಅದೇ ಮಾತಿನಲ್ಲಿ ಬರೆಯಿರಿ.