ಮಾರ್ಟ್‌ಗೇಜ್‌ನಲ್ಲಿ ಸತ್ತಿದ್ದು ಯಾರು?

ಹೊಸಮನೆ_ಸಾಲ:
ಮನೆ ಸಾಲದ ಕಾಗದಗಳಿಗೆ ಸಹಿ ಹಾಕಿ ಹಾಕಿ ಕೈ ಸೋತಿತ್ತು, ಆಗ ಕಣ್ಣಿಗೆ ಬಿದ್ದದ್ದು ಮಾರ್ಟ್‌ಗೇಜ್ ಅನ್ನುವ ಪದ. ಬಾಯಲ್ಲಿ ಎಲ್ಲರೂ ಮಾರ್ಗೇಜ್ ಅಂತಾರೆ, ಬರೆಯುವಾಗ ಮಾತ್ರ ನಡುವೆ ಒಂದು ‘ಟಿ’. ಮಗಳು ಹುಡುಕಿ ಹೇಳಿದಳು, ಹಳೇ ಫ್ರೆಂಚ್ ಪದವಂತೆ, ಮಾರ್ಟ್ ಅಂದರೆ ಸತ್ತದ್ದು, ಗೇಜ್ ಅಂದರೆ ಅಡ. 20 ವರ್ಷ ಕಂತು ಕಟ್ಟುವವನು ನಾನು, ಇದರಲ್ಲಿ ಸತ್ತಿದ್ದು ಯಾರು ಸ್ವಾಮಿ?

ಕಾಫಿಪುಡಿ:
ಸಾಲ ತೀರಿಸದಿದ್ದರೆ ಜಮೀನು ನಿಮ್ಮ ಪಾಲಿಗೆ ಸತ್ತಂತೆ, ತೀರಿಸಿದರೆ ಸಾಲ ಕೊಟ್ಟವನ ಪಾಲಿಗೆ ಸತ್ತಂತೆ. ಇಂಗ್ಲೆಂಡಿನ ಜಡ್ಜ್ ಎಡ್ವರ್ಡ್ ಕೋಕ್ ಹೇಳಿದ್ದು.

ಹಳೇ_ದಫ್ತರ:
ಅದು ಕೋಕ್‌ನ ಮಾತಲ್ಲ. ಬರೆದವನು 15ನೇ ಶತಮಾನದ ಜಡ್ಜ್ ಲಿಟಲ್ಟನ್, ಜಮೀನು ಕಾನೂನಿನ ತನ್ನ ಪುಸ್ತಕದಲ್ಲಿ. ಕೋಕ್ 1628ರಲ್ಲಿ ಆ ಪುಸ್ತಕಕ್ಕೆ ಟೀಕೆ ಬರೆದ, ಹೆಸರು ಇವನಿಗೆ ಬಂತು. ಲಿಟಲ್ಟನ್ ಇಂಗ್ಲೆಂಡಿನವನೇ, ಬರೆದದ್ದು ಮಾತ್ರ ಫ್ರೆಂಚಿನಲ್ಲಿ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಅಲ್ಲಿನ ಕೋರ್ಟಿಗೆ ಫ್ರೆಂಚ್ ಹೊಕ್ಕಿತು, 1362ರಲ್ಲಿ ವಾದವೆಲ್ಲ ಇಂಗ್ಲಿಷಿನಲ್ಲೇ ನಡೆಯಲಿ ಅಂತ ಕಾನೂನು ಮಾಡಿದರೂ ವಕೀಲರು ಫ್ರೆಂಚನ್ನು ಬಿಡಲಿಲ್ಲ. (ಅವರ ಭಾಷೆ ನಮಗೆ ಅರ್ಥ ಆಗಿಬಿಟ್ಟರೆ ಫೀಸು ಯಾರು ಕೊಡ್ತಾರೆ?)

ಆದರೆ ಇದಕ್ಕಿಂತ ಹಳೆಯ ಅರ್ಥ ಇನ್ನೊಂದಿದೆ, ನನಗೆ ಅದೇ ಸರಿ ಅನಿಸುತ್ತದೆ. 12ನೇ ಶತಮಾನದ ಕೊನೆಯಲ್ಲಿ ಬಂದ, ಗ್ಲಾನ್ವಿಲ್ ಹೆಸರಲ್ಲಿ ಓದುವ ಕಾನೂನು ಪುಸ್ತಕದಲ್ಲಿದೆ. ಆಗ ಅಡ ಇಟ್ಟ ಜಮೀನು ಸಾಲ ಕೊಟ್ಟವನ ಕೈಗೇ ಹೋಗುತ್ತಿತ್ತು. ಅದರ ಆದಾಯವನ್ನು ಸಾಲಕ್ಕೆ ಮುರಿದುಕೊಂಡರೆ ಸರಿ. ಬಂದದ್ದನ್ನೆಲ್ಲ ಅವನೇ ತಿಂದು, ಸಾಲ ಹಾಗೇ ನಿಂತರೆ ಅದು ಸತ್ತ ಅಡ. ಬಡ್ಡಿ ತಿಂದಷ್ಟೇ ಪಾಪ, ಆದರೂ ಕೋರ್ಟು ತಡೆಯುತ್ತಿರಲಿಲ್ಲ.

ತೋಟದ_ಮನೆ:
ಅಯ್ಯೋ, ಇದು ನಮ್ಮ ಭೋಗ್ಯ ಅಲ್ವಾ! ನಮ್ಮಜ್ಜ ಎರಡು ಎಕರೆ ಗದ್ದೆ ಭೋಗ್ಯಕ್ಕೆ ಹಾಕಿದ್ದರು. ಬಡ್ಡಿ ಬದಲು ಭತ್ತ ಅವರ ಮನೆಗೆ, ಅಷ್ಟು ವರ್ಷ ಆದರೂ ಅಸಲು ಒಂದು ರೂಪಾಯಿ ಕಮ್ಮಿ ಆಗಲಿಲ್ಲ. ಬೆಂಗಳೂರಲ್ಲಿ ಲೀಸಿಗೆ ಮನೆ ಹಿಡಿಯುವುದೂ ಇದೇ ಲೆಕ್ಕ, ಬಾಡಿಗೆ ಇಲ್ಲದೆ ಇದ್ದು ಕೊನೆಗೆ ಪೂರ್ತಿ ದುಡ್ಡು ವಾಪಸ್ ತಗೊಳ್ಳುವುದು.

ಹಳೇ_ದಫ್ತರ:
ಹೂಂ, ಅದೇ ಜಾತಿ. ಇನ್ನು ಗೇಜ್ ಅಂದರೆ ಬರೀ ಜಮೀನಲ್ಲ, ಎಂಗೇಜ್‌ಮೆಂಟ್‌ನಲ್ಲೂ ಇರುವುದು ಅದೇ, ಅಲ್ಲಿ ಅಡ ಇಡುವುದು ಮಾತನ್ನು. ಕೂಲಿಗೆ ಹೇಳುವ ವೇಜ್ ಕೂಡ ಅದರ ಒಡಹುಟ್ಟು. ನಾರ್ಮಂಡಿಯವರು ‘ವ’ ಅಂದ ಕಡೆ ಪ್ಯಾರಿಸಿನವರು ‘ಗ’ ಅನ್ನುತ್ತಿದ್ದರು, ಇಂಗ್ಲಿಷಿನವರು ಎರಡನ್ನೂ ಬಾಚಿಕೊಂಡರು. ವಾರಂಟಿ, ಗ್ಯಾರಂಟಿ ಎರಡೂ ಇರುವುದು ಹಾಗೆ. ಮಜಾ ಅಂದರೆ ಫ್ರೆಂಚರು ಈಗ ಮನೆ ಅಡಕ್ಕೆ ಈ ಪದ ಬಳಸುವುದೇ ಇಲ್ಲ, ಗ್ರೀಕಿನಿಂದ ಬಂದ ಇಪೊತೆಕ್ ಅಂತಾರೆ. ಸಾಲದ ಬೈಕಿನ ಆರ್‌ಸಿಯಲ್ಲಿ ಹೈಪೋಥಿಕೇಶನ್ ಅಂತ ಇರುತ್ತದಲ್ಲ, ಅದರ ನೆಂಟ.

ಹೊಸಮನೆ_ಸಾಲ:
ಎಲ್ಲರಿಗೂ ಥ್ಯಾಂಕ್ಸ್. ಕಂತಿನ ಪಟ್ಟಿಯ ಮೇಲೆ ಅಮಾರ್ಟೈಸೇಶನ್ ಅಂತ ಇದೆ, ಅಲ್ಲೂ ಅದೇ ಸಾವಾ?

ಹಳೇ_ದಫ್ತರ:
ಅದೇ. ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ಕೊಲ್ಲುವುದು.

ಹೊಸಮನೆ_ಸಾಲ:
ಪಟ್ಟಿ ಈಗ ನೋಡಿದೆ ಸಾರ್. ಮೊದಲ ವರ್ಷ ಕಟ್ಟುವುದರಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತೆ, ಸಾಲಕ್ಕೆ ಬೀಳುವುದು ಬರೀ ಒಂದು ಗೀರು.