ತಿಂಡಿಗಳ ಬೇಸ್‌ಬಾಲ್ ಆಟ: ಟಿವಿಯಲ್ಲಿ ಬ್ಯಾಟ್ ತಡ, ನಿಧಾನದ ಎಸೆತಕ್ಕೆ ಮೊದಲೇ ಬೀಸು. ಸರಿ ಮಾಡೋದು ಹೇಗೆ?

ಸಕ್ಕರೆನಾಡು_ಲ್ಯಾಬ್ (ಮಂಡ್ಯ)

ಎಲ್ಲರಿಗೂ ನಮಸ್ಕಾರ. 2019ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ ಗೂಗಲ್‌ನವರು ಡೂಡಲ್ ಆಗಿ (ಮುಖಪುಟದ ಲೋಗೋ ಜಾಗದಲ್ಲಿ) ಹಾಕಿದ್ದ ಬೇಸ್‌ಬಾಲ್ ಆಟ ಗೊತ್ತಲ್ಲ, ಕಡಲೆಕಾಯಿಗಳು ಚೆಂಡು ಎಸೆಯುತ್ತವೆ, ಹಾಟ್‌ಡಾಗ್, ಪಾಪ್‌ಕಾರ್ನ್ ಥರದ ತಿಂಡಿಗಳು ಬ್ಯಾಟ್ ಹಿಡಿದು ನಿಲ್ಲುತ್ತವೆ. ಬೇಸಿಗೆ ಶಿಬಿರದಲ್ಲಿ ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಆಡಿಸಬೇಕು. ನಾಲ್ಕು ವಿಷಯಕ್ಕೆ ಉತ್ತರ ಬೇಕಾಗಿದೆ.

ಲ್ಯಾಪ್‌ಟಾಪ್ ಪರದೆಯಲ್ಲಿ ಆಡಿದರೆ ಹೊಡೆತ ಚೆನ್ನಾಗಿ ಬೀಳುತ್ತೆ. ಅದೇ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ವೈರಿನಿಂದ 43 ಇಂಚಿನ 4ಕೆ ಟಿವಿಗೆ ಹಾಕಿದರೆ ಪ್ರತಿಯೊಂದು ಹೊಡೆತವೂ ತಡ. ಎರಡನೆಯದು, ವೇಗದ ಚೆಂಡನ್ನು ಹೊಡೆಯೋ ಮಕ್ಕಳೇ ನಿಧಾನದ ಚೆಂಡಿಗೆ ಮೊದಲೇ ಬೀಸಿಬಿಡುತ್ತಾರೆ. ಮೂರನೆಯದು, ಎಲ್ಲರೂ ಕ್ರಿಕೆಟ್ ಲೆಕ್ಕ ಹಾಕುತ್ತಾರೆ, ರನ್ ಹೇಗೆ ಬಂತು ಅಂತ ವಿವರಿಸೋದು ಹೇಗೆ? ಕೊನೆಯದಾಗಿ, ಲ್ಯಾಬಿನಲ್ಲಿ ನೆಟ್ ನಂಬೋ ಹಾಗಿಲ್ಲ. ಇಂಥದ್ದೇ ಆಟವನ್ನು ಮಕ್ಕಳ ಕೈಲೇ ಮಾಡಿಸಬಹುದಾ?

---

ಕುಕ್ಕರಹಳ್ಳಿ_ಕೋಡರ್ (ಮೈಸೂರು)

ಸಾರ್, ಟಿವಿ ವಿಷಯ ನಾನು ಹೇಳ್ತೀನಿ. ತಪ್ಪು ಆಟದ್ದಲ್ಲ, ಮಕ್ಕಳದ್ದೂ ಅಲ್ಲ.

ಟಿವಿಗಳು ಚಿತ್ರವನ್ನು ಬಂದ ಹಾಗೇ ತೋರಿಸೋದಿಲ್ಲ. ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ಓಡುವ ಚಿತ್ರ ನುಣುಪಾಗಲಿ ಅಂತ ನಡುವೆ ಚಿತ್ರಗಳನ್ನು ತುಂಬಿಸಿ ಆಮೇಲೆ ತೋರಿಸುತ್ತವೆ. ಇದಕ್ಕೆ 100 ಮಿಲಿಸೆಕೆಂಡ್ ಹಿಡಿಯೋ ಟಿವಿಗಳೂ ಇವೆ. ಅಂದರೆ ಮಗುವಿನ ಕಣ್ಣಿಗೆ ಚೆಂಡು ಇನ್ನೂ ದಾರಿಯಲ್ಲಿದೆ, ಲ್ಯಾಪ್‌ಟಾಪ್ ಒಳಗೆ ಆಗಲೇ ದಾಟಿಹೋಗಿದೆ. ರಿಮೋಟಿನಲ್ಲಿ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ 'ಗೇಮ್ ಮೋಡ್' ಆನ್ ಮಾಡಿ. ಟಿವಿಯಲ್ಲಿ ಇದು ಆಯಾ ಎಚ್‌ಡಿಎಂಐ ಪೋರ್ಟಿಗೆ ಬೇರೆ ಬೇರೆಯಾಗಿ ಉಳಿಯಬಹುದು, ಹಾಗಾಗಿ ವೈರನ್ನು ಬೇರೆ ತೂತಿಗೆ ಹಾಕಿದರೆ ಮತ್ತೆ ನೋಡಿಕೊಳ್ಳಿ. ಗೇಮ್ ಮೋಡ್ ಸಿಗದಿದ್ದರೆ 'ಮೋಷನ್' ಅನ್ನೋ ಹೆಸರಿರುವುದನ್ನೆಲ್ಲ ಆಫ್ ಮಾಡಿ.

ಇನ್ನೊಂದು, ನೀವು 4ಕೆ ಅಂದಿರಿ. ಹಳೆ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಆಗಿದ್ದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಕ್ಕಿಂತ ಜಾಸ್ತಿ ಕಳಿಸೋಕಾಗಲ್ಲ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ಬಂದರೆ, ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 30ರಲ್ಲಿ 33. ಚೆಂಡು ಜಿಗಿದು ಜಿಗಿದು ಬಂದ ಹಾಗೆ ಕಾಣುತ್ತೆ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್, ಅದರಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಟಿವಿಯ ರಿಫ್ರೆಶ್ ರೇಟ್ ನೋಡಿ. 30 ಇದ್ದರೆ ರೆಸಲ್ಯೂಶನ್ 1920×1080ಕ್ಕೆ ಇಳಿಸಿ 60 ಹಾಕಿ. ಈ ಆಟಕ್ಕೆ 4ಕೆಯಿಂದ ಏನೂ ಲಾಭವಿಲ್ಲ.

ಲ್ಯಾಪ್‌ಟಾಪ್ ಕಡೆ: ಚಾರ್ಜರ್ ಹಾಕಿಯೇ ಆಡಿಸಿ. ಕ್ರೋಮ್‌ನಲ್ಲಿ ಎನರ್ಜಿ ಸೇವರ್ ಅಂತ ಒಂದಿದೆ, ಬ್ಯಾಟರಿ 20 ಶೇಕಡಾಕ್ಕೆ ಇಳಿದಾಗ ತಾನೇ ಆನ್ ಆಗಿ ಚಿತ್ರದ ವೇಗ ತಗ್ಗಿಸುತ್ತೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಅಕ್ಸಲರೇಶನ್ ಆನ್ ಇರಲಿ. ಐಫೋನಿನಲ್ಲಿ ಆಡಿಸೋದಾದರೆ ಲೋ ಪವರ್ ಮೋಡ್ ತೆಗೆಯಿರಿ, ಅದಿದ್ದರೆ ಸಫಾರಿಯಲ್ಲಿ ಆಟ 30ಕ್ಕೆ ಇಳಿಯುತ್ತೆ.

ಟಚ್‌ಪ್ಯಾಡ್ ಮೇಲೆ ಬೆರಳು ತಟ್ಟಿ ಆಡಿಸಬೇಡಿ. ಬೆರಳು ಇಟ್ಟದ್ದು ಜರುಗಿಸೋಕೋ, ಕ್ಲಿಕ್ ಮಾಡೋಕೋ ಅಂತ ಅದಕ್ಕೆ ಬೆರಳು ಎತ್ತಿದ ಮೇಲೇ ತಿಳಿಯೋದು. ಅಲ್ಲೇ ತಡ. ವೈರ್ ಇರೋ ಸಾಧಾರಣ ಮೌಸ್ ಸಾಕು. ಬ್ಲೂಟೂತ್ ಸ್ಪೀಕರ್ ಇದ್ದರೆ ಶಬ್ದ ಕೇಳಿ ಬೀಸಬೇಡಿ ಅಂತ ಮಕ್ಕಳಿಗೆ ಹೇಳಿ, ಅದರ ಶಬ್ದ ಚಿತ್ರಕ್ಕಿಂತ ಹಿಂದೆ ಬರುತ್ತೆ.

---

ಚಿನ್ನಿದಾಂಡು (ಶ್ರೀರಂಗಪಟ್ಟಣ)

ನಿಧಾನದ ಚೆಂಡಿಗೆ ಮೊದಲೇ ಬೀಸೋದಕ್ಕೆ ಕಾರಣ ಕ್ರಿಕೆಟ್ಟೇ ಕಣಣ್ಣ.

ಕ್ರಿಕೆಟ್ಟಿನಲ್ಲಿ ಚೆಂಡು ನೆಲಕ್ಕೆ ಪುಟ ಬೀಳುತ್ತೆ. ಬಿದ್ದದ್ದನ್ನು ನೋಡಿ ಬ್ಯಾಟ್ ಬೀಸೋ ಅಭ್ಯಾಸ ನಮ್ಮ ಮಕ್ಕಳ ಕಣ್ಣಿಗಿದೆ. ಬೇಸ್‌ಬಾಲ್‌ನಲ್ಲಿ ಪುಟವೇ ಇಲ್ಲ, ಕೈಯಿಂದ ಬಿಟ್ಟದ್ದು ನೇರ ಹಿಂದೆ ಕೂತವನ ಗ್ಲೌಸಿಗೆ. ಗುರುತಿಟ್ಟುಕೊಳ್ಳೋಕೆ ನಡುವೆ ಏನೂ ಸಿಗಲ್ಲ. ಆಗ ಮಕ್ಕಳು ಹಿಂದಿನ ಚೆಂಡಿನ ಲಯವನ್ನೇ ಹಿಡಿದು ಬೀಸುತ್ತಾರೆ. ಎರಡು ವೇಗದ ಚೆಂಡು ಬಂದ ಮೇಲೆ ಒಂದು ನಿಧಾನದ್ದು ಬಂದರೆ ಬೆರಳು ಹಳೇ ಲೆಕ್ಕದಲ್ಲೇ ಒತ್ತಿಬಿಡುತ್ತೆ. ನಿಜವಾದ ಬೇಸ್‌ಬಾಲ್‌ನಲ್ಲಿ ಪಿಚರ್‌ಗಳು (ಚೆಂಡು ಎಸೆಯೋರು) ಮಾಡೋ ಮೋಸವೂ ಇದೇ: ಕೈ ಬೀಸೋದು ಒಂದೇ ಥರ, ಚೆಂಡು ಮಾತ್ರ ನಿಧಾನ.

ಕಣ್ಣು ಎಲ್ಲಿಡಬೇಕು ಅನ್ನೋದು ಇದರ ಗುಟ್ಟು. ಮಕ್ಕಳು ತಮ್ಮ ತಿಂಡಿಯನ್ನೇ, ಅದರ ಬ್ಯಾಟನ್ನೇ ನೋಡ್ತಿರುತ್ತಾರೆ. ಅದು ಬೇಡ. ಕಡಲೆಕಾಯಿ ಕೈಯಿಂದ ಚೆಂಡು ಬಿಡುವ ಜಾಗ ನೋಡಲಿ, ಅಲ್ಲಿಂದ ಚೆಂಡಿನ ಜೊತೆಗೇ ಕಣ್ಣು ಬರಲಿ. ಅರ್ಧ ದಾರಿ ಬರೋ ತನಕ ಬೆರಳು ಅಲ್ಲಾಡಿಸಕೂಡದು. ಆ ಅರ್ಧ ದಾರಿಯಲ್ಲೇ ವೇಗ ತಿಳಿದುಬಿಡುತ್ತೆ. ಹಾಗಂತ ಚೆಂಡು ಬ್ಯಾಟಿನ ಹತ್ತಿರ ಬಂದದ್ದನ್ನು ನೋಡಿ ಆಮೇಲೆ ಒತ್ತುತ್ತೀನಿ ಅಂದರೂ ಕೆಟ್ಟಿತು. ಕಣ್ಣು ಕಂಡದ್ದಕ್ಕೆ ಬೆರಳು ಒತ್ತೋಕೆ ಸುಮಾರು ಕಾಲು ಸೆಕೆಂಡ್ ಬೇಕು. 'ಈಗ ಬರುತ್ತೆ' ಅಂತ ಮುಂಚೆಯೇ ಅಂದಾಜು ಕಟ್ಟಿ ಒತ್ತಬೇಕು. ಚಿನ್ನಿದಾಂಡು ಆಡಿದವರಿಗೆ ಇದು ಬೇಗ ಹತ್ತುತ್ತೆ. ಚಿನ್ನಿಯ ತುದಿಗೆ ತಟ್ಟಿ ಹಾರಿಸಿದ ಮೇಲೆ ಅದು ಮೇಲೇರೋವಾಗ ಹೊಡೆಯಲ್ಲ, ಇಳಿದು ದಾಂಡಿನ ಮಟ್ಟಕ್ಕೆ ಬರೋ ಹೊತ್ತಿಗೆ ದಾಂಡು ಅಲ್ಲಿರೋ ಹಾಗೆ ಬೀಸ್ತೀವಿ.

ಒಂದು ಅಭ್ಯಾಸ ಮಾಡಿಸಿ. ಮೊದಲ ಹತ್ತು ಚೆಂಡಿಗೆ ಮೌಸ್ ಮುಟ್ಟಬಾರದು. ಚೆಂಡು ತಿಂಡಿಯ ಮುಂದೆ ಬರೋ ಹೊತ್ತಿಗೆ ಬಾಯಲ್ಲಿ 'ಹೋ' ಅನ್ನಬೇಕು, ಅಷ್ಟೆ. 'ಹೋ' ಸರಿಯಾದ ಮೇಲೆ ಮೌಸ್ ಕೊಡಿ. ಬಾಗಿ ಬರೋ ಚೆಂಡಿಗೆ ಹೆದರೋದು ಬೇಕಿಲ್ಲ. ಬ್ಯಾಟನ್ನು ಎಡಕ್ಕೆ ಬಲಕ್ಕೆ ಜರುಗಿಸೋ ಆಟವಲ್ಲ ಇದು, ಹೊತ್ತು ಒಂದೇ ನಮ್ಮ ಕೈಲಿರೋದು. ದಾರಿ ಎಷ್ಟು ಡೊಂಕಾದರೂ ಬಂದು ಸೇರೋ ಜಾಗ ಒಂದೇ.

ರನ್ ಲೆಕ್ಕಕ್ಕೆ ಕ್ರಿಕೆಟ್ ಮರೆಸಿ. ನೆಲದ ಮೇಲೆ ಸುಣ್ಣದಲ್ಲಿ ಒಂದು ಚೌಕ ಬರೆದು ನಾಲ್ಕು ಮೂಲೆಯಲ್ಲಿ ಮಕ್ಕಳನ್ನೇ ಓಡಿಸಿ. ಹೊಡೆದ ಜಾಗ ಮನೆ, ಉಳಿದ ಮೂರು ಮೂಲೆ ಬೇಸ್. ಮನೆಯಿಂದ ಹೊರಟು ಮೂರೂ ಮೂಲೆ ಮುಟ್ಟಿ ಮನೆಗೆ ಬಂದರೆ ಒಂದು ರನ್. ದೂರ ಹೊಡೆದದ್ದಕ್ಕೆ ರನ್ ಇಲ್ಲ, ಮನೆಗೆ ಬಂದವರ ತಲೆ ಎಣಿಸಿದಷ್ಟೇ ರನ್. ಹೋಂ ರನ್ (ಚೆಂಡು ಮೈದಾನದ ಬೇಲಿ ದಾಟೋ ಹೊಡೆತ) ಹೊಡೆದಾಗ ಬೇಸಿನಲ್ಲಿ ಯಾರೂ ಇಲ್ಲದಿದ್ದರೆ ಒಂದು, ಮೂರೂ ಬೇಸ್ ತುಂಬಿದ್ದರೆ ನಾಲ್ಕು. ಮಕ್ಕಳಿಗೆ ಗೊಂದಲ ಆಗೋದು ಇಲ್ಲೇ, ಒಂದೇ ಥರದ ಹೊಡೆತಕ್ಕೆ ಒಮ್ಮೆ ಒಂದು, ಒಮ್ಮೆ ನಾಲ್ಕು ಯಾಕೆ ಅಂತ.

---

ಸಕ್ಕರೆನಾಡು_ಲ್ಯಾಬ್ (ಮಂಡ್ಯ)

ಕೋಡರ್ ಸಾರ್, ನೀವು ಹೇಳಿದ್ದೇ ಸರಿ, ರಿಫ್ರೆಶ್ ರೇಟ್ 30 ಇತ್ತು. 1080ಕ್ಕೆ ಇಳಿಸಿ ಗೇಮ್ ಮೋಡ್ ಹಾಕಿದ ಮೇಲೆ ಟಿವಿಯಲ್ಲೂ ಬೀಳ್ತಾ ಇದೆ. ಸುಣ್ಣದ ಚೌಕ ನಾಳೆ ಬೆಳಗ್ಗೆಯೇ ಬರೆಸ್ತೀನಿ. ಇನ್ನು ಸ್ವಂತ ಆಟ ಮಾಡಿಸೋ ವಿಷಯ ಯಾರಾದರೂ ಹೇಳಿ.

---

ರಸಬಾಳೆ (ನಂಜನಗೂಡು)

ಸ್ಕ್ರ್ಯಾಚ್‌ನಲ್ಲಿ ಮಾಡಿಸಿ ಸಾರ್, ಮಕ್ಕಳು ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡೋ ಸಾಫ್ಟ್‌ವೇರ್ ಅದು. ಅದರ ಆಫ್‌ಲೈನ್ ಆ್ಯಪ್ ಇದೆ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಪಾತ್ರಗಳು ನಮ್ಮ ಕಡೆಯವೇ ಆಗಲಿ: ಬ್ಯಾಟಿಂಗಿಗೆ ಮದ್ದೂರು ವಡೆ, ಮೈಸೂರು ಪಾಕ್, ರಾಗಿ ಮುದ್ದೆ, ಈರನಗೆರೆ ಬದನೆಕಾಯಿ, ನಂಜನಗೂಡು ರಸಬಾಳೆ. ಬ್ಯಾಟ್ ಜಾಗಕ್ಕೆ ಕಬ್ಬಿನ ಜಲ್ಲೆ. ಬೇಸ್‌ಗೆ ಅಚ್ಚು ಬೆಲ್ಲ. ಎಸೆಯೋಕೆ ಕಡಲೆಕಾಯಿಯೇ ಇರಲಿ. ಮಕ್ಕಳು ಕಾಗದದ ಮೇಲೆ ಬರೆದು, ಫೋಟೋ ತೆಗೆದು, ಹಿನ್ನೆಲೆ ಅಳಿಸಿ ಸೇರಿಸಬಹುದು.

ಬೀಳೋ ತಪ್ಪು ಯಾವುದು ಅಂತ ಮೊದಲೇ ಹೇಳ್ತೀನಿ. ಎಲ್ಲರೂ 'ಚೆಂಡು ಬ್ಯಾಟನ್ನು ಮುಟ್ಟಿದೆಯಾ' ಅನ್ನೋ ಟಚಿಂಗ್ ಬ್ಲಾಕ್ ಹಾಕ್ತಾರೆ. ಸ್ಕ್ರ್ಯಾಚ್ ಓಡೋದು ಸೆಕೆಂಡಿಗೆ 30 ಚಿತ್ರದಲ್ಲಿ. ಚೆಂಡು ಅರ್ಧ ಸೆಕೆಂಡಿನಲ್ಲಿ 240 ಮನೆ (ಸ್ಕ್ರ್ಯಾಚ್ ಪರದೆಯ ಅಳತೆ, 'ಸ್ಟೆಪ್') ದಾಟಿದರೆ ಒಂದು ಚಿತ್ರಕ್ಕೆ 16 ಮನೆ ಜಿಗಿಯುತ್ತೆ. ಜಲ್ಲೆಯ ದಪ್ಪ 8 ಮನೆ ಇದ್ದು ಚೆಂಡು ಅದಕ್ಕಿಂತ ಚಿಕ್ಕದಾಗಿದ್ದರೆ ಒಂದು ಚಿತ್ರದಲ್ಲಿ ಚೆಂಡು ಆಚೆ, ಮುಂದಿನದರಲ್ಲಿ ಈಚೆ, ಮುಟ್ಟಿದ್ದೇ ಇಲ್ಲ. ಸರಿಯಾಗಿ ಬೀಸಿದ ಮಗುವಿಗೆ ಔಟ್ ಕೊಟ್ಟ ಹಾಗಾಗುತ್ತೆ, ಅದು ಅನ್ಯಾಯ. ಹಾಗಾಗಿ ಜಾಗ ಅಳೆಯಬೇಡಿ, ಹೊತ್ತು ಅಳೆಯಿರಿ.

ಹೀಗೆ: ಮೂರು ವೇರಿಯಬಲ್ (ಸಂಖ್ಯೆ ಇಟ್ಟುಕೊಳ್ಳೋ ಹೆಸರು) ಮಾಡಿ, 'ಬರುವ ಹೊತ್ತು', 'ಬೀಸಾಯ್ತು', 'ವ್ಯತ್ಯಾಸ'. ಪ್ರತಿ ಎಸೆತಕ್ಕೂ ಬರುವ ಹೊತ್ತನ್ನು 0.6, 0.9, 1.4 ಈ ಮೂರರಲ್ಲಿ ಒಂದಕ್ಕೆ ಇಡಿ, ಬೀಸಾಯ್ತು ಸೊನ್ನೆ ಮಾಡಿ. ಚೆಂಡು ಕೈಬಿಡೋ ಕ್ಷಣಕ್ಕೆ ರೀಸೆಟ್ ಟೈಮರ್, ತಕ್ಷಣ ಅಷ್ಟೇ ಸೆಕೆಂಡಿನ ಗ್ಲೈಡ್ (ಚೆಂಡನ್ನು ಬ್ಯಾಟಿನ ಗೆರೆಗೆ ಜಾರಿಸೋ ಬ್ಲಾಕ್). ಚೆಂಡು ಬ್ಯಾಟಿನ ಗೆರೆ ತಲುಪಿದ ಕೂಡಲೇ ಮಾಯವಾಗಬಾರದು, ಇನ್ನೂ 0.2 ಸೆಕೆಂಡ್ ಹಿಂದಕ್ಕೆ ಹೋಗಲಿ, ತಡವಾಗಿ ಬೀಸಿದವರಿಗೂ ಜಾಗ ಬೇಕು. ಸ್ಪೇಸ್ ಒತ್ತಿದಾಗ ಬೀಸಾಯ್ತು ಸೊನ್ನೆ ಇದ್ದರೆ ಮಾತ್ರ ಅದನ್ನು 1 ಮಾಡಿ, ಟೈಮರಿನಿಂದ ಬರುವ ಹೊತ್ತು ಕಳೆದು ವ್ಯತ್ಯಾಸದಲ್ಲಿಡಿ. ಚಿಹ್ನೆ ಬಿಟ್ಟು ನೋಡಿದಾಗ ವ್ಯತ್ಯಾಸ 0.05ರೊಳಗಿದ್ದರೆ ಹೋಂ ರನ್, 0.10ರೊಳಗೆ ಎರಡು ಬೇಸ್, 0.15ರೊಳಗೆ ಒಂದು ಬೇಸ್, 0.20ರೊಳಗೆ ಫೌಲ್ (ಬ್ಯಾಟಿಗೆ ತಾಗಿ ಗೆರೆಯಾಚೆ ಹೋದದ್ದು), ಅದರಾಚೆ ಸ್ಟ್ರೈಕ್ (ಹೊಡೆತ ತಪ್ಪಿದ್ದು). ಮೂರು ಸ್ಟ್ರೈಕಿಗೆ ಒಂದು ಔಟ್, ಮೂರು ಔಟಿಗೆ ಆಟ ಮುಗೀತು. ಫೌಲ್ ಮೊದಲೆರಡು ಸಲ ಸ್ಟ್ರೈಕ್ ಆಗಿ ಎಣಿಕೆಗೆ ಬರುತ್ತೆ, ಮೂರನೇ ಸ್ಟ್ರೈಕ್ ಫೌಲಿನಿಂದ ಆಗಲ್ಲ.

ಮಕ್ಕಳು ಸ್ಪೇಸ್ ಒತ್ತಿ ಹಿಡಿದೇ ಇರ್ತಾರೆ. ಕೀಬೋರ್ಡ್ ಅದನ್ನು ಮತ್ತೆ ಮತ್ತೆ ಒತ್ತಿದ ಹಾಗೆ ಕಳಿಸುತ್ತೆ, ಮುಂದಿನ ಚೆಂಡು ಬಿಟ್ಟ ತಕ್ಷಣ ಬೀಸಾಗಿಬಿಡುತ್ತೆ. ಎಸೆಯೋ ಮೊದಲು 'ಸ್ಪೇಸ್ ಬಿಡೋ ತನಕ ಕಾಯಿ' ಅನ್ನೋ ಅರ್ಥದ ವೇಟ್ ಅಂಟಿಲ್ ಬ್ಲಾಕ್ ಸೇರಿಸಿ. ಮೂರು ವೇಗಕ್ಕೂ ಕಡಲೆಕಾಯಿಯ ಕಾಸ್ಟ್ಯೂಮ್ (ಪಾತ್ರದ ಚಿತ್ರ) ಒಂದೇ ಇರಲಿ, ಇಲ್ಲವಾದರೆ ಕೈ ನೋಡಿಯೇ ವೇಗ ಹೇಳಿಬಿಡ್ತಾರೆ.

---

ಕುಕ್ಕರಹಳ್ಳಿ_ಕೋಡರ್ (ಮೈಸೂರು)

ರಸಬಾಳೆಯವರ ವಿಧಾನಕ್ಕೆ ಎರಡು ಸೇರಿಸ್ತೀನಿ. ಶಿಫ್ಟ್ ಒತ್ತಿಕೊಂಡು ಆಟ ಶುರು ಮಾಡೋ ಹಸಿರು ಬಾವುಟ ಕ್ಲಿಕ್ ಆದರೆ ಸ್ಕ್ರ್ಯಾಚ್‌ನ ಟರ್ಬೋ ಮೋಡ್ ಆನ್ ಆಗುತ್ತೆ, ಆಟ ಹುಚ್ಚುಹುಚ್ಚಾಗಿ ಓಡಿದರೆ ಮೊದಲು ಅದನ್ನೇ ನೋಡಿ.

ಎರಡನೆಯದು ನಿಮ್ಮ ಟಿವಿಗಾಗಿ. 'ವಿಳಂಬ' ಅಂತ ನಾಲ್ಕನೇ ವೇರಿಯಬಲ್ ಇಡಿ. ಒಂದೇ ವೇಗದಲ್ಲಿ, 0.9ರಲ್ಲಿ, 20 ಚೆಂಡು ಎಸೆಸಿ, ಚೆಂಡು ಗೆರೆ ಮುಟ್ಟೋ ಹೊತ್ತಿಗೆ ಒತ್ತಿಸಿ. ಮೊದಲ ಐದನ್ನು ಬಿಟ್ಟು ಉಳಿದ 15ರ ವ್ಯತ್ಯಾಸದ ಸರಾಸರಿ ತೆಗೆಯಿರಿ. ಅದು 0.06 ಬಂದರೆ ವಿಳಂಬ 0.06. ಪ್ರತಿ ವ್ಯತ್ಯಾಸದಿಂದ ಅದನ್ನು ಕಳೆದ ಮೇಲೆ ತೀರ್ಪು ಕೊಡಿ. ಪರದೆ ಮೇಲೆ ದಿಢೀರ್ ಅಂತ ಬೆಳಕು ತೋರಿಸಿ ಒತ್ತಿಸೋ ಥರ ಅಳೆಯಬೇಡಿ, ಅದರಲ್ಲಿ ಚಿನ್ನಿದಾಂಡು ಅವರು ಹೇಳಿದ ಆ ಕಾಲು ಸೆಕೆಂಡೂ ಸೇರಿಕೊಳ್ಳುತ್ತೆ.

---

ಸಕ್ಕರೆನಾಡು_ಲ್ಯಾಬ್ (ಮಂಡ್ಯ)

ರಸಬಾಳೆಯವರೇ, 0.05 ಅಂದರೆ ಐದನೇ ಕ್ಲಾಸಿನವರಿಗೆ ತೀರಾ ಬಿಗಿ ಆಗಲ್ವಾ?

---

ರಸಬಾಳೆ (ನಂಜನಗೂಡು)

ಆಗುತ್ತೆ. 30 ಚಿತ್ರದ ಲೆಕ್ಕದಲ್ಲಿ ಆ 0.05ರ ಕಿಂಡಿಯಲ್ಲಿ ಬರೋದು ಮೂರೇ ಚಿತ್ರ: ಸರಿಯಾದದ್ದು, ಅದರ ಹಿಂದಿನದು, ಮುಂದಿನದು. ಚಿಕ್ಕವರಿಗೆ 0.08, 0.15, 0.22, 0.30 ಇಡಿ, 0.6ರ ಎಸೆತ ತೆಗೆದುಬಿಡಿ, ಚೆಂಡು ಗೆರೆ ದಾಟಿದ ಮೇಲೆ ಹಿಂದಕ್ಕೆ ಹೋಗೋ ಹೊತ್ತನ್ನೂ 0.3 ಮಾಡಿ. ಏಳನೇ ಕ್ಲಾಸಿನವರಿಗೆ ಮೊದಲಿನದೇ ಇರಲಿ. ರನ್ ಹತ್ತಾದ ಮೇಲೆ ಕಿಂಡಿಯನ್ನು ಕಿರಿದು ಮಾಡೋದಕ್ಕಿಂತ ನಿಧಾನದ ಚೆಂಡುಗಳನ್ನು ಜಾಸ್ತಿ ಬೆರೆಸಿ. ಕಷ್ಟವೂ ಹೆಚ್ಚುತ್ತೆ, ಯಾಕೆ ತಪ್ಪಿತು ಅಂತ ಮಗುವಿಗೂ ತಿಳಿಯುತ್ತೆ.