ಹುಲ್ಲು ತುಂಬಿದ ಕೆರೆ, ಚಳಿಗಾಲ: ದೊಡ್ಡ ಕೊರವ ಮೀನು ಹೊಡೆಯುತ್ತದೆ, ಗಾಳಕ್ಕೆ ಸಿಕ್ಕಿಕೊಳ್ಳುವುದಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೇಲೂರು ಕಡೆಯ ನಮ್ಮೂರ ಕೆರೆ ಈ ಸಲ ಕೋಡಿ ಬಿದ್ದಿತ್ತು. ಈಗ ಅರ್ಧ ಕೆರೆ ಜೊಂಡು, ಅಂತರಗಂಗೆ. ಮಳೆಗಾಲದಲ್ಲಿ ರಬ್ಬರಿನ ನಕಲಿ ಕಪ್ಪೆ ಲ್ಯೂರ್‌ಗೆ ಕೊರವ ಚೆನ್ನಾಗಿ ಬೀಳುತ್ತಿತ್ತು. ಚಳಿ ಶುರುವಾದ ಮೇಲೆ ಬೆಳಗ್ಗೆ ಆರಕ್ಕೇ ಹೋಗಿ ನಿಂತರೂ ಮುಟ್ಟುವುದಿಲ್ಲ. ಅಪರೂಪಕ್ಕೆ ದೊಡ್ಡದು ಹೊಡೆದರೂ ಹುಲ್ಲಿಗೆ ನುಗ್ಗಿ ತಪ್ಪಿಸಿಕೊಳ್ಳುತ್ತದೆ. ಮೀಡಿಯಂ ರಾಡ್, ನೈಲಾನ್ ದಾರ. ಲ್ಯೂರ್ ಬದಲಿಸಬೇಕಾ?

ಉತ್ತರ:
ಲ್ಯೂರ್ ಅದೇ ಇರಲಿ ಅಣ್ಣ, ಹೋಗುವ ಹೊತ್ತು ಬದಲಿಸಿ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಮಂಜು ಬಿದ್ದ ಬೆಳಗ್ಗೆ ಅದಕ್ಕೆ ಹಸಿವೂ ಕಡಿಮೆ, ಅಟ್ಟಿಸಿಕೊಂಡು ಬರುವ ಚುರುಕೂ ಕಡಿಮೆ. ಬಿಸಿಲೇರಿದ ಮೇಲೆ, ಹತ್ತೂವರೆಯಿಂದ ಮೂರರ ತನಕ ಹೋಗಿ. ನಿದ್ದೆಯೂ ಉಳಿಯುತ್ತದೆ!

ಮೊದಲು ತೂಬಿನ ಕಡೆ ನೋಡಿ. ಏರಿ ಪಕ್ಕ ಆಳ ಇರುತ್ತದೆ, ಆ ಆಳಕ್ಕೆ ತಾಗಿದ ಹುಲ್ಲಿನ ಅಂಚೇ ಈಗ ಒಳ್ಳೆ ಜಾಗ. ಮೇಲ್ಗಡೆಯ ಮೊಣಕಾಲುದ್ದದ ನೀರು ರಾತ್ರಿ ಬೇಗ ತಣ್ಣಗಾಗುತ್ತದೆ, ಅಲ್ಲಿಗೆ ಮಧ್ಯಾಹ್ನ ಹೋದರೆ ಸಾಕು. ಎಸೆಯುವ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಕೊರವಕ್ಕೆ ಕಿವಿರೊಂದೇ ಸಾಲದು, ಗಾಳಿ ಕುಡಿಯಲು ಮೇಲೆ ಬರಲೇಬೇಕು. ಹುಲ್ಲಿನ ಕಿಂಡಿಯಲ್ಲಿ ಗುಳುಕ್ ಅಂದರೆ ಮೀನು ಅಲ್ಲೇ ಇದೆ ಅಂತ. ಅದರ ತಲೆ ಮೇಲೆ ಎಸೆಯಬೇಡಿ. ಆಚೆ ಎಸೆದು, ಹುಲ್ಲಿನ ಮೇಲೆ ಮೆಲ್ಲಗೆ ಎಳೆದು ತಂದು, ಕಿಂಡಿಯಲ್ಲಿ ನಿಲ್ಲಿಸಿ. ಐದಾರು ಎಣಿಸಿ ಆಮೇಲೆ ಒಂಚೂರು ಅಲುಗಿಸಿ. ಮಳೆಗಾಲದ ಸ್ಪೀಡ್ ಈಗ ನಡೆಯುವುದಿಲ್ಲ.

ನೈಲಾನ್ ಹಿಗ್ಗುತ್ತದೆ, ಹುಲ್ಲಿನಲ್ಲಿ ಅದಕ್ಕೆ ಕೆಲಸವಿಲ್ಲ. 40ರಿಂದ 50 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), ಹೆವಿ ರಾಡ್, ರೀಲಿನ ಡ್ರ್ಯಾಗ್ (ದಾರ ಬಿಡದಂತೆ ತಡೆಯುವ ಬ್ರೇಕ್) ಬಿಗಿ. ಸದ್ದಾದ ತಕ್ಷಣ ಎಳೆದರೆ ಬರೀ ಕಪ್ಪೆ ಹಾರಿ ಬರುತ್ತದೆ. ದಾರದಲ್ಲಿ ಮೀನಿನ ತೂಕ ಸಿಕ್ಕಿದ ಮೇಲೆ ಜೋರಾಗಿ ಎತ್ತಿ, ಅದರ ತಲೆ ನೀರಿನ ಮೇಲಿರುವಾಗಲೇ ಎಳೆದುಕೊಳ್ಳಿ.

ಪ್ರಶ್ನೆ ಕೇಳಿದವರು:
ಬ್ರೇಡ್ ಹಾಕಿ ಮಧ್ಯಾಹ್ನ ಹೋದೆ. ಹೊಡೆತ ಜಾಸ್ತಿ ಆಗಿದೆ, ಒಂದು ಒಳ್ಳೇದೇ ಸಿಕ್ಕಿತು. ಆದರೂ ಕೆಲವು ಕಚ್ಚಿ ಬಿಡುತ್ತಿವೆ.

ಇನ್ನೊಬ್ಬರ ಉತ್ತರ:
ಹುಕ್ ಮೊನೆ ನೋಡಿ ಗುರುವೇ. ಹೊಸ ಕಪ್ಪೆಯಲ್ಲಿ ಅದು ಮೈಗೆ ತೀರಾ ಅಂಟಿಕೊಂಡಿರುತ್ತದೆ. ಪ್ಲೈಯರ್‌ನಲ್ಲಿ ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಪ್ರತಿ ಸಲ ಜೊಂಡೇ ಹಿಡಿಯುತ್ತೀರಿ. ಆಗಾಗ ಕಪ್ಪೆಯನ್ನು ಹಿಂಡಿ ಒಳಗಿನ ನೀರು ತೆಗೆಯಿರಿ, ನೀರು ತುಂಬಿದರೆ ಮೀನು ಕಚ್ಚಿದಾಗ ಅದು ಸರಿಯಾಗಿ ಅಮುಕಿಕೊಳ್ಳುವುದಿಲ್ಲ, ಮೊನೆ ಹೊರಗೇ ಬರುವುದಿಲ್ಲ. ಇನ್ನೊಂದು ಮಾತು: ಕೆರೆ ಮೀನು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಿ.